ಛತ್ರಿಗೆ ಹೇಳಿದ ಮಾತು

ಬೇರೆ ಊರುಗಳಲ್ಲಿ ಅಂಪೈರ್ ಆದವನಿಗೆ ತೀರ್ಮಾನಕ್ಕೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆ ಹೊತ್ತಿನಲ್ಲಿ ಅವನು ತಪ್ಪಿದರೆ ಜನ ಬೈಯುತ್ತಾರೆ, ಆಮೇಲೆ ಮರೆಯುತ್ತಾರೆ. ನಮ್ಮ ಊರಿನಲ್ಲಿ ಅಂಪೈರ್‌ಗೆ ಇಡೀ ಹಗಲು ಸಿಗುತ್ತದೆ. ಆದ್ದರಿಂದ ಅವನಿಗೆ ಕ್ಷಮೆ ಸಿಗುವುದಿಲ್ಲ.

ನಮ್ಮಲ್ಲಿ ಮೇಲಕ್ಕೆ ಎಸೆದದ್ದು ಕೂಡಲೇ ಕೆಳಗೆ ಬರುವುದಿಲ್ಲ. ಹೋಗುವಷ್ಟು ಎತ್ತರ ಹೋಗಿ ಅಲ್ಲಿ ನಿಲ್ಲುತ್ತದೆ. ತನಗೆ ಬೇಕೆನಿಸಿದಾಗ ಇಳಿಯುತ್ತದೆ. ಅಣ್ಣೆಕಲ್ಲು ಆಡುವ ಹೆಣ್ಣುಮಕ್ಕಳು ಕಲ್ಲನ್ನು ಮೇಲೆಸೆದು, ಮನೆಗೆ ಹೋಗಿ ಉಂಡು, ತಟ್ಟೆ ತೊಳೆದಿಟ್ಟು ಬಂದು ಕೈಯೊಡ್ಡುತ್ತಾರೆ. ಬೆಳಿಗ್ಗೆ ಕೇರಿದ ಕಾಳು ಮೊರದ ಮೇಲೆ ಮೊಳದೆತ್ತರದಲ್ಲಿ ಮಧ್ಯಾಹ್ನದವರೆಗೂ ನಿಂತಿರುವುದುಂಟು; ಗುಬ್ಬಿ ಓಡಿಸಲು ಮನೆಯವರಲ್ಲಿ ಒಬ್ಬರು ಅಲ್ಲೇ ಕೂತಿರಬೇಕು. ಗಾರೆ ಕೆಲಸದವರಿಗೆ ಇದರಿಂದ ಅನುಕೂಲವೇ ಆಗಿದೆ. ನೆಲದಲ್ಲಿರುವವನು ಇಟ್ಟಿಗೆಗಳನ್ನು ಒಂದೊಂದಾಗಿ ಮೇಲೆಸೆದು ಬೀಡಿ ಹಚ್ಚುತ್ತಾನೆ. ಗೋಡೆಗೆ ಕಟ್ಟಿದ ಸಾರ್ವೆಯ ಮೇಲೆ ನಿಂತವನು ಗಾಳಿಯಲ್ಲಿ ಕಾದು ನಿಂತಿರುವ ಇಟ್ಟಿಗೆಗಳನ್ನು ತನ್ನ ಬಿಡುವಿಗೆ ತಕ್ಕಂತೆ ಕಿತ್ತುಕೊಂಡು ಇಡುತ್ತಾನೆ. ಆದರೆ ಕೈಜಾರಿದ್ದು, ಕಾಲುಜಾರಿದ್ದು, ಬುಡ ಸಡಿಲಿ ಉರುಳಿದ್ದು ಇವೆಲ್ಲ ಎಲ್ಲ ಊರುಗಳಲ್ಲಿ ಬೀಳುವಂತೆಯೇ ಇಲ್ಲಿಯೂ ಬೀಳುತ್ತವೆ. ಎಸೆದದ್ದಕ್ಕೆ ಮಾತ್ರ ಬಿಡುವು. ಜಾರಿದ್ದಕ್ಕೆ ಇಲ್ಲ.

ನಾನು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ನಿವೃತ್ತನಾಗುವ ಮೊದಲಿನಿಂದಲೂ ಗೂಟದಾಟಕ್ಕೆ ನಾನೇ ಅಂಪೈರ್. ಆಟ ಸರಳ. ಚೌಕಾಕಾರದ ಅಂಗಳದ ಮೂಲೆಗೊಂದರಂತೆ ನಾಲ್ಕು ಗೂಟಗಳು. ಹೊಡೆಯುವ ತಂಡದವನು ಚೆಂಡು ಹೊಡೆದು ಗೂಟದಿಂದ ಗೂಟಕ್ಕೆ ಓಡಬೇಕು. ಚೆಂಡು ನೆಲ ಮುಟ್ಟುವ ಮೊದಲು ಎದುರು ತಂಡದವರು ಹಿಡಿದರೆ ಹೊಡೆದವನು ಔಟ್. ಆಗಲೇ ಗೂಟಗಳಲ್ಲಿ ನಿಂತಿರುವ ಅವನ ಜೊತೆಗಾರರು ಅಲ್ಲಲ್ಲೇ ಉಳಿಯಬೇಕು. ಚೆಂಡು ಮೇಲಿರುವಷ್ಟು ಹೊತ್ತು ಯಾರೂ ಓಡುವಂತಿಲ್ಲ. ಹಿಡಿಯದೆ ಚೆಂಡು ಬಿದ್ದರೆ ಅವರೆಲ್ಲರೂ ಮುಂದಿನ ಗೂಟಕ್ಕೆ ಓಡಲೇಬೇಕು, ಏಕೆಂದರೆ ಹಿಂದಿನಿಂದ ಇನ್ನೊಬ್ಬನು ಅವರ ಗೂಟಕ್ಕೆ ಬರುತ್ತಿರುತ್ತಾನೆ. ಓಡುವವನಿಗಿಂತ ಮೊದಲು ಚೆಂಡು ಗೂಟ ಮುಟ್ಟಿದರೆ ಅವನು ಔಟ್. ಇಲ್ಲೊಂದು ಮೋಸಕ್ಕೆ ದಾರಿಯಿದೆ. ಮೊದಲ ಎರಡು ಗೂಟಗಳಲ್ಲಿ ಜನ ನಿಂತಿರುವಾಗ ಚೆಂಡು ಅಂಗಳದ ಮೇಲೆಯೇ ಎದ್ದರೆ, ಕೆಳಗಿರುವ ಚತುರನು ಅದನ್ನು ಬೇಕೆಂದೇ ಕೈಬಿಡಬಹುದು. ಅವನು ಹಿಡಿಯುತ್ತಾನೆಂದು ನಂಬಿ ನಿಂತವರಿಬ್ಬರೂ ಆಗ ಸಿಕ್ಕಿಬೀಳುತ್ತಾರೆ. ಒಬ್ಬನ ಬದಲು ಇಬ್ಬರು ಔಟ್.

ಇದನ್ನು ತಡೆಯಲು ಹಿರಿಯರು ಒಂದು ನಿಯಮ ಮಾಡಿದರು. ಅಂಥ ಚೆಂಡನ್ನು ಸಾಧಾರಣ ಮನುಷ್ಯನೊಬ್ಬನು ಸಾಧಾರಣ ಪ್ರಯತ್ನದಿಂದ ಹಿಡಿಯಬಲ್ಲನು ಎಂದು ಅಂಪೈರ್‌ಗೆ ತೋರಿದರೆ, ಚೆಂಡು ಮೇಲಿರುವಾಗಲೇ ಅವನು ಬಲಗೈ ಎತ್ತಬೇಕು. ಕೈ ಎತ್ತಿದರೆ ಹೊಡೆದವನು ಔಟ್, ಉಳಿದವರು ನಿಶ್ಚಿಂತರು. ಆಮೇಲೆ ಚೆಂಡು ಕೈಗೆ ಬಂದರೂ ಸರಿ, ನೆಲಕ್ಕೆ ಬಂದರೂ ಸರಿ, ಹಿಡಿದಂತೆಯೇ ಲೆಕ್ಕ. ಅದು ಬಿತ್ತು ಎಂದು ಊರಿನಲ್ಲಿ ಯಾರೂ ಹೇಳುವಂತಿಲ್ಲ. ಹೇಳಿದವನು ಅಂಗಳದಲ್ಲಿ ಮತ್ತೆ ಕಾಲಿಡುವಂತಿಲ್ಲ. ಚೆಂಡು ಇಳಿದ ಮೇಲೆ ಎತ್ತಿದ ಕೈಗೆ ಬೆಲೆಯಿಲ್ಲ. ಎತ್ತಿದ ಕೈಯನ್ನು ಯಾವ ಅಂಪೈರೂ ಇಳಿಸಿಕೊಂಡದ್ದಿಲ್ಲ.

ನಿಯಮದಲ್ಲಿ ಅಳೆಯಬೇಕಾದದ್ದು ಒಂದೇ: ಸಾಧಾರಣ. ನಾನು ಅದನ್ನು ಸರಾಸರಿ ಎಂದು ತಿಳಿದುಕೊಂಡಿದ್ದೆ. ತರಗತಿಯ ಹುಡುಗರ ಎತ್ತರವನ್ನೆಲ್ಲ ಕೂಡಿ ತಲೆಗಳಿಂದ ಭಾಗಿಸಿದರೆ ಸರಾಸರಿ ಬರುತ್ತದೆ. ಸರಿಯಾಗಿ ಆ ಎತ್ತರದ ಹುಡುಗ ತರಗತಿಯಲ್ಲಿ ಒಬ್ಬನೂ ಇಲ್ಲದಿರಬಹುದು. ಅದರಿಂದ ಲೆಕ್ಕಕ್ಕೆ ಕುಂದಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದೆ.

ಚೆಂಡು ಮೇಲಿರುವಾಗ ಅಂಪೈರ್‌ನೊಡನೆ ಯಾರೂ ಮಾತಾಡಕೂಡದು. ಜನ ಇದಕ್ಕೂ ಒಂದು ಉಪಾಯ ಕಂಡುಕೊಂಡಿದ್ದರು. ನಾನು ಕೂರುವ ಹಾಸುಗಲ್ಲಿನ ಪಕ್ಕದಲ್ಲಿ ನನ್ನ ಕರಿಯ ಛತ್ರಿಯನ್ನು ಬಿಚ್ಚಿ ಮಣ್ಣಿಗೆ ಚುಚ್ಚಿರುತ್ತಿದ್ದೆ. ಹೇಳಬೇಕಾದ್ದನ್ನು ಅವರು ಛತ್ರಿಗೆ ಹೇಳುತ್ತಿದ್ದರು. ಛತ್ರಿಯೊಡನೆ ಮಾತಾಡಬಾರದೆಂಬ ನಿಯಮವಿರಲಿಲ್ಲ. ನನ್ನ ಉತ್ತರ ನನ್ನ ಕೈ ಮಾತ್ರ.

ಈಗ ಹೇಳುತ್ತಿರುವುದು ಪೇಟೆಬೀದಿಗೂ ಗೂಡಿನಬೀದಿಗೂ ನಡೆದ ಆಟದ ಸಂಗತಿ. ಪೇಟೆಬೀದಿಯಲ್ಲಿ ಅಂಗಡಿಯವರು, ಹೋಟೆಲಿನವರು. ಗೂಡಿನಬೀದಿಯಲ್ಲಿ ಸುಣ್ಣದ ಗೂಡುಗಳು, ಗಾರೆ ಕೆಲಸದವರ ಮನೆಗಳು. ಪೇಟೆಯವರು ಹೊಡೆಯುತ್ತಿದ್ದರು, ಅವರಲ್ಲಿಬ್ಬರು ಮೊದಲ ಎರಡು ಗೂಟಗಳಲ್ಲಿ ನಿಂತಿದ್ದರು. ಹೋಟೆಲಿನ ಸಂಪಂಗಪ್ಪ ಹೊಡೆಯಲು ಬಂದ. ಅವನ ಹೊಟ್ಟೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಬೆಳಗಿನ ಬಿಸಿಲು ಚುರುಕಾಗುತ್ತಿದ್ದ ಹೊತ್ತಿನಲ್ಲಿ ಅವನು ಬೀಸಿದ ಏಟಿಗೆ ಚೆಂಡು ನೆಟ್ಟಗೆ ಎದ್ದು, ಅಂಗಳದ ಮೇಲೆ ತೆಂಗಿನ ಮರದಷ್ಟು ಎತ್ತರದಲ್ಲಿ ನಿಂತಿತು.

ಅದನ್ನು ಹಿಡಿಯಲು ಗೂಡಿನಬೀದಿಯ ಈರಭದ್ರ ಬಂದ. ಮೇಸ್ತ್ರಿ ದ್ಯಾವಣ್ಣನ ಕೈಕೆಳಗೆ ಎತ್ತರದ ಕೆಲಸಗಳನ್ನೆಲ್ಲ ಮಾಡುತ್ತಿದ್ದವನು. ಗೋಪುರದ ತುದಿ, ಹೊಗೆಗೂಡಿನ ಬಾಯಿ ಇಂಥ ಕಡೆ ಗಿಲಾವು ಮಾಡಲು ಅವನೇ ಬೇಕು. ನೆಲದ ಕೆಲಸಕ್ಕಿಂತ ಎತ್ತರದ ಕೆಲಸಕ್ಕೆ ಕೂಲಿ ಹೆಚ್ಚು, ಮರ್ಯಾದೆ ಇನ್ನೂ ಹೆಚ್ಚು. ಅಂಗಳದಲ್ಲಿಯೂ ನಡುವಿನ ಜಾಗ ಅವನದೇ. ಅವನ ಕೈಯಿಂದ ಚೆಂಡು ಜಾರಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಆ ವರ್ಷ ಗೂಡಿನ ಬಳಿ ನೀರು ಹಾಕಿ ಸುಣ್ಣ ಅರಳಿಸುವಾಗ ಅವನ ಕಣ್ಣಿಗೆ ಸಿಡಿದಿತ್ತು. ವಾಸಿಯಾಯಿತೆಂದು ಅವನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದ.

ಇಂಥ ಚೆಂಡಿಗೆ ನಾನು ತಡಮಾಡುವವನಲ್ಲ. ಗಾಳಿ ಅದನ್ನು ಅಂಗಳದಾಚೆ ತಳ್ಳುವುದಿಲ್ಲ ಎಂದು ಖಾತ್ರಿಯಾದೊಡನೆ ಕೈ ಎತ್ತುವುದು ನನ್ನ ರೂಢಿ. ಗಾಳಿ ನಿಂತಿತು. ಚೆಂಡು ಅಲುಗಲಿಲ್ಲ. ಕೈ ಎತ್ತಬೇಕೆಂದು ಹೊರಟವನು ಈರಭದ್ರ ನಿಂತಿದ್ದ ಜಾಗವನ್ನು ನೋಡಿ ಹಾಗೆಯೇ ಕೂತೆ.

ಅವನು ಚೆಂಡಿನ ಅಡಿಯಲ್ಲಿ ಇರಲಿಲ್ಲ. ಅದಕ್ಕೆ ಪಶ್ಚಿಮಕ್ಕೆ ಸಾಕಷ್ಟು ದೂರದಲ್ಲಿ, ಮುಖ ಮೇಲೆತ್ತಿ, ಎರಡು ಕೈ ಜೋಡಿಸಿ ನಿಂತಿದ್ದ. ಅಷ್ಟು ದೂರ ಯಾಕೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಅವನ ಕಾಲ ಬಳಿ ನೋಡಿದೆ. ಚೆಂಡಿನ ಮಸುಕು ನೆರಳು ಅವನ ಎರಡು ಪಾದಗಳ ನಡುವೆ ಇತ್ತು.

ಸೂರ್ಯ ಪೂರ್ವದಲ್ಲಿದ್ದರೆ ನೆರಳು ಪಶ್ಚಿಮಕ್ಕೆ ಬೀಳುತ್ತದೆ. ಹೊತ್ತೇರಿದಂತೆ ಅದು ಚೆಂಡಿನ ಅಡಿಗೆ ಹತ್ತಿರವಾಗುತ್ತದೆ. ಇದನ್ನು ನಾನು ಮಕ್ಕಳಿಗೆ ಕೋಲು ನೆಟ್ಟು ತೋರಿಸಿದ್ದೇನೆ. ಈರಭದ್ರ ಆ ಕೋಲಿನ ನೆರಳಿನ ತುದಿಯಂತೆ ಹೊತ್ತಿನೊಡನೆ ಸರಿಯುತ್ತಿದ್ದ. ಎರಡು ಕಣ್ಣೂ ನೆಟ್ಟಗಿರುವವನಿಗೆ ನೆರಳು ಬೇಕಿಲ್ಲ. ಮೇಲೆ ನೋಡಿದರೆ ದೂರ ತಿಳಿಯುತ್ತದೆ. ಇವನಿಗೆ ತಿಳಿಯುತ್ತಿರಲಿಲ್ಲ. ಮೇಲೆ ನೋಡುತ್ತಿದ್ದುದು ನಮಗೆ ತೋರಿಸಲಿಕ್ಕೆ. ನಿಜವಾಗಿ ಅವನು ನೋಡುತ್ತಿದ್ದುದು ನೆಲವನ್ನು.

ನಡು ಹಗಲಿನಲ್ಲಿ ಚೆಂಡು ಇಳಿದರೆ ನೆರಳೂ ಅಡಿಯಲ್ಲಿರುತ್ತದೆ, ಅವನು ಹಿಡಿದಾನು. ಮುಂಚೆ ಇಳಿದರೂ ಕಷ್ಟ, ತಡವಾಗಿ ಇಳಿದರೂ ಕಷ್ಟ. ಯಾವಾಗ ಇಳಿಯುತ್ತದೆಂದು ಯಾವ ಲೆಕ್ಕವೂ ಹೇಳುವುದಿಲ್ಲ. ಇಳಿಯುವ ಮುನ್ನ ಚೆಂಡು ತನ್ನಷ್ಟಕ್ಕೆ ತಿರುಗತೊಡಗುತ್ತದೆ, ಅದೊಂದೇ ಸೂಚನೆ.

ಸಾಧಾರಣ ಮನುಷ್ಯ ಹಿಡಿಯಬಲ್ಲ ಚೆಂಡು ಅದು. ಅದರಲ್ಲಿ ಸಂದೇಹವಿರಲಿಲ್ಲ. ಕೈ ಎತ್ತಬಹುದಿತ್ತು. ಆದರೆ ಅದರ ಅಡಿಯಲ್ಲಿದ್ದವನು ಸಾಧಾರಣ ಮನುಷ್ಯನಲ್ಲ, ಈರಭದ್ರ. ಅವನಿಂದ ಆಗದ್ದನ್ನು ಆಗುತ್ತದೆ ಎಂದು ಊರಿಗೆ ಸಾರುವ ಅಧಿಕಾರ ನನಗಿದೆಯೇ? ಇಲ್ಲವೆಂದು ಕೈ ಕೆಳಗಿಟ್ಟರೆ, ಎಲ್ಲರಿಗೂ ಆಗುವುದು ಇವನಿಗೆ ಆಗುವುದಿಲ್ಲ ಎಂದು ಸಾರಿದಂತೆಯೇ. ನಾನು ಎರಡು ಕೈಗಳನ್ನೂ ಮಂಡಿಯ ಮೇಲೆ ಇಟ್ಟುಕೊಂಡು ಕೂತೆ.

ಜನರಿಗೆ ಬೇಸರವಾಗತೊಡಗಿತು. ಕೆಲವರು ಮನೆಗೆ ಹೋಗಿ ತಿಂಡಿ ಮುಗಿಸಿ ಬಂದರು. ಗೂಟಗಳಲ್ಲಿ ನಿಂತವರು ಒಂದು ಕಾಲನ್ನು ಗೂಟಕ್ಕೆ ತಾಗಿಸಿಕೊಂಡೇ ಕುಕ್ಕರಗಾಲಿನಲ್ಲಿ ಕೂತರು. ಸಂಪಂಗಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನನ್ನ ಛತ್ರಿಯ ಎದುರು ಬಂದು ನಿಂತ.

"ಏನಪ್ಪಾ ಛತ್ರಿ, ಚೆನ್ನಾಗಿದ್ದೀಯಾ? ನಿಮ್ಮ ಯಜಮಾನ್ರ ಕೈ ಏನಾದ್ರೂ ಮರಗಟ್ಟಿದ್ಯಾ? ನಮ್ಮ ಹೋಟ್ಲಲ್ಲಿ ವಡೆ ಕರ್ದು ಮಿಕ್ಕಿದ ಎಣ್ಣೆ ಐತೆ, ಕಳಿಸ್ಲಾ? ಚೆನ್ನಾಗಿ ತಿಕ್ಕಿದ್ರೆ ಎತ್ತಬೋದು." ಜನ ನಕ್ಕರು. ಅವನು ಹುರುಪುಗೊಂಡು ಅಂಗಳದ ಕಡೆ ತಿರುಗಿದ. "ಅಲ್ಲಾ, ಅವನು ಅಲ್ಲಿ ಯಾಕೆ ನಿಂತವ್ನೆ? ಏ ಈರಭದ್ರ, ಚೆಂಡು ಬಿಟ್ಟು ನೆರಳು ಹಿಡಿಯಕ್ಕೆ ನಿಂತಿದ್ದೀಯೇನೋ? ನೆರಳು ಹಿಡಿದ್ರೂ ನಾನು ಔಟಾ? ಹಂಗೆ ಹೊಸ ರೂಲ್ಸ್ ಬಂದಿದ್ರೆ ನಂಗೂ ಹೇಳ್ರಪ್ಪಾ!"

"ನಿಂಗೇನು ಗೊತ್ತು, ಗಾಳಿ ತಿರುಗುತ್ತೆ, ಅದಕ್ಕೆ ಇಲ್ಲಿ ನಿಂತಿದ್ದೀನಿ. ನೀನು ಹೋಗಿ ಕಾಫಿಗೆ ನೀರು ಬೆರೆಸೋಗು," ಎಂದ ಈರಭದ್ರ. ಜನ ಇನ್ನೂ ಜೋರಾಗಿ ನಕ್ಕರು. ಸಂಪಂಗಪ್ಪ ಆಡಿದ್ದು ಬರಿಯ ತಮಾಷೆ. ಅವನಿಗೆ ಏನೂ ತಿಳಿದಿರಲಿಲ್ಲ. ಆದರೆ ಈರಭದ್ರ ಉತ್ತರ ಕೊಡುವಾಗ ಸಂಪಂಗಪ್ಪನ ಕಡೆ ಮುಖ ತಿರುಗಿಸದೆ ಅವನ ಪಕ್ಕದ ಖಾಲಿ ಜಾಗಕ್ಕೆ ಮಾತಾಡಿದ್ದನ್ನು ನಾನು ನೋಡಿದೆ. ಇನ್ನೊಬ್ಬನೂ ನೋಡಿದ. ಅವನು ನಗಲಿಲ್ಲ.

ಅವನು ಮೇಸ್ತ್ರಿ ದ್ಯಾವಣ್ಣ, ಗೂಡಿನಬೀದಿ ತಂಡದ ನಾಯಕ. ಸ್ವಲ್ಪ ಹೊತ್ತಿನಲ್ಲಿ ಛತ್ರಿಯ ಬಳಿ ಬಂದು, ಕುಳಿತು, ಧ್ವನಿ ತಗ್ಗಿಸಿದ.

"ಛತ್ರಿ, ನಿಮ್ಮ ಯಜಮಾನ್ರಿಗೆ ಒಂದು ಮಾತು ತಿಳಿಸು. ಊರಿನ ನೀರಿನ ಗೋಪುರ ಕಟ್ಟೋ ಕೆಲ್ಸ ನಾನೇ ಹಿಡಿದಿದ್ದೀನಿ. ತುದಿಗೆ ಹತ್ತೋನು ಈರಭದ್ರನೇ. ಆದ್ರೆ ಹೋದ ಸಲ ಅವನು ಕಟ್ಟಿದ ಗೋಡೆ ವಾಲಿತ್ತು. ಕೇಳಿದ್ರೆ ಮಟ್ಟ ನೋಡೋ ದಾರ ಸರಿಯಿರ್ಲಿಲ್ಲ ಅಂದ. ಅವನ ಕಣ್ಣಿನ ಮೇಲೆ ನಂಗೆ ಅನುಮಾನ. ಬಾಯಿಬಿಟ್ಟು ಕೇಳಿದ್ರೆ ಅವಮಾನ ಮಾಡ್ದಂಗೆ. ಮೇಷ್ಟ್ರು ಸುಮ್ಸುಮ್ನೆ ಕೈ ಎತ್ತೋರಲ್ಲ, ಸುಮ್ಸುಮ್ನೆ ಎತ್ತದೇ ಇರೋರೂ ಅಲ್ಲ. ಅವರು ಕೈ ಎತ್ತಿದ್ರೆ ನಾನು ಇನ್ನು ಅನುಮಾನ ಪಡಲ್ಲ. ಎತ್ತದೇ ಇದ್ರೆ ಅವನು ಗೋಪುರ ಹತ್ತಲ್ಲ. ಅಷ್ಟೇ."

ಅವನು ಎದ್ದು ಹೋದ. ಕೇಳುತ್ತಿದ್ದುದು ಆಟದ ನಿಯಮವಷ್ಟೇ ಆಗಿದ್ದಾಗ ಪ್ರಶ್ನೆಗೆ ಒಂದೇ ಉತ್ತರವಿತ್ತು. ದ್ಯಾವಣ್ಣ ಅದೇ ಕೈಯಿಂದ ಎರಡನೆಯ ಪ್ರಶ್ನೆಗೂ ಉತ್ತರ ಪಡೆಯಲು ಹೊರಟಿದ್ದ. ಮೊದಲನೆಯದಕ್ಕೆ ಸರಿಯಾದ ಉತ್ತರ ಎರಡನೆಯದಕ್ಕೆ ತಪ್ಪು. ಒಂದೇ ಕೈ ಎರಡಕ್ಕೂ ಸಾಲದು ಎಂದು ಹೇಳೋಣವೆಂದರೆ ನಾನು ಬಾಯಿ ತೆರೆಯುವಂತಿರಲಿಲ್ಲ.

ಊಟದ ಹೊತ್ತಿಗೆ ಈರಭದ್ರನ ಹೆಂಡತಿ ಸಾಕಮ್ಮ ಬುತ್ತಿ ತಂದಳು. ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಅವನ ಬಾಯಿಗೇ ಇಟ್ಟಳು, ಏಕೆಂದರೆ ಅವನು ಕೈ ಕೆಳಗಿಳಿಸುವಂತಿರಲಿಲ್ಲ. ಇದರಲ್ಲಿ ವಿಶೇಷವೇನೂ ಇಲ್ಲ; ಚೆಂಡಿನ ಅಡಿಯಲ್ಲಿ ನಿಂತವರಿಗೆಲ್ಲ ಮನೆಯವರು ಹಾಗೆಯೇ ಉಣಿಸುತ್ತಾರೆ. ಆದರೆ ಅವಳು ತುತ್ತಿಗೊಂದು ಸಲ ಅವನ ಮೊಣಕೈ ಹಿಡಿದು ಒಂದಿಷ್ಟು ಪೂರ್ವಕ್ಕೆ ತಳ್ಳುತ್ತಿದ್ದಳು. ನೆರಳು ಆಗ ಚೆಂಡಿನ ನೆಟ್ಟ ಅಡಿಯಲ್ಲಿತ್ತು. ಅವನು ಸರಿಯಾದ ಜಾಗದಲ್ಲಿದ್ದ ಹೊತ್ತು ಅದೊಂದೇ. ಈಗ ಇಳಿಯಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಅಂಪೈರ್ ಆದವನು ಬೇಡಿಕೊಳ್ಳಬಾರದು. ಚೆಂಡು ಇಳಿಯಲಿಲ್ಲ.

ಖಾಲಿ ಬುತ್ತಿ ಹಿಡಿದು ಅವಳು ಛತ್ರಿಯ ಬಳಿ ಬಂದಳು. ಸೆರಗಿನಿಂದ ಮುಖ ಒರೆಸಿಕೊಳ್ಳುವಂತೆ ಬಾಯಿ ಮರೆಮಾಡಿಕೊಂಡು ಮಾತಾಡಿದಳು. "ಛತ್ರಿಯಪ್ಪಾ, ಮೇಷ್ಟ್ರಿಗೆ ಎಲ್ಲ ಕಾಣ್ಸುತ್ತೆ ಅಂತ ನಂಗೊತ್ತು. ಎಡಗಣ್ಣು ಪೂರ್ತಿ ಮಂಜು. ನಂಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಎತ್ತರದ ಕೆಲ್ಸ ಹೋದ್ರೆ ಆ ಮನುಷ್ಯ ಉಳಿಯಲ್ಲ, ಬದುಕಿದ್ರೂ ಸತ್ತಂಗೆ. ಕೈ ಎತ್ತಕ್ಕೆ ಹೇಳು. ಹಿಡಿದಂಗೆ ಆಗ್ಬಿಡ್ಲಿ. ನಿನ್ನ ಕಾಲಿಗೆ ಬೀಳ್ತೀನಿ." ಛತ್ರಿಗೆ ಕಾಲಿಲ್ಲ. ಅವಳು ನಿಜವಾಗಿಯೂ ಬಗ್ಗಿ, ಅದರ ಕೋಲು ಮಣ್ಣಿಗೆ ಹೊಕ್ಕ ಕಡೆ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹೋದಳು.

ಬಿಸಿಲು ವಾಲಿತು. ನೆರಳು ಪೂರ್ವಕ್ಕೆ ಹೊರಟಿತು, ಈರಭದ್ರನೂ ಹೊರಟ. ಅವನ ತೋಳುಗಳು ನಡುಗುತ್ತಿದ್ದವು. ಗೂಟದಲ್ಲಿದ್ದವರು ಎದ್ದು ನಿಂತರು. ನಾನು ಬೆವರು ಒರೆಸಿಕೊಳ್ಳಲು ಕೈ ಎತ್ತಿದರೆ ಜನ ತೀರ್ಪೆಂದು ತಿಳಿದಾರೆಂದು ಒರೆಸಿಕೊಳ್ಳಲಿಲ್ಲ. ಅದು ಕಣ್ಣಿಗೆ ಇಳಿದು ಉರಿಯಿತು. ಚೆಂಡಿಗೂ ಅವನಿಗೂ ನಡುವಿನ ದೂರ ಬೆಳೆಯುತ್ತಿತ್ತು. ಅದು ಎಷ್ಟೆಂದು ನನಗೆ ತಿಳಿದಿತ್ತು. ತಿಳಿದದ್ದರಿಂದ ಏನೂ ಪ್ರಯೋಜನವಿರಲಿಲ್ಲ.

ಆಗ ಚೆಂಡು ತಿರುಗತೊಡಗಿತು.

ನಾನು ಎದ್ದೆ. ನಿಯಮ ಹೇಳುವುದು ಸಾಧಾರಣ ಮನುಷ್ಯನನ್ನು. ಅದರ ಅಡಿಯಲ್ಲಿ ಯಾರಿದ್ದಾರೆಂದು ನಿಯಮ ಕೇಳುವುದಿಲ್ಲ. ಕೇಳತೊಡಗಿದರೆ ಪ್ರತಿ ಚೆಂಡಿಗೂ ಒಂದೊಂದು ನಿಯಮ ಬೇಕಾಗುತ್ತದೆ. ನಾನು ಬಲಗೈ ಎತ್ತಿ, ಅಂಗಳದ ನಾಲ್ಕು ಮೂಲೆಗೂ ಕೇಳುವಂತೆ "ಔಟ್" ಎಂದೆ.

ಚೆಂಡು ಇಳಿಯಿತು. ಈರಭದ್ರ ಅಂಗೈಗಳನ್ನು ಬಿಗಿಯಾಗಿ ಮುಚ್ಚಿ ಹಿಡಿದ. ಅವು ಮುಚ್ಚಿದ್ದು ಬರಿಯ ಗಾಳಿಯ ಮೇಲೆ. ಚೆಂಡು ಅವನಿಂದ ಆಚೆ, ನೆಲಕ್ಕೆ ಬಡಿದು, ಧೂಳೆಬ್ಬಿಸಿ, ಮೂರನೆಯ ಗೂಟದ ಕಡೆ ಉರುಳಿತು. ಇಡೀ ಊರು ಅದನ್ನು ನೋಡಿತು. ಸಂಪಂಗಪ್ಪನ ಬಾಯಿ ತೆರೆದುಕೊಂಡಿತು, ತಮಾಷೆಯೊಂದು ಅದರಲ್ಲಿ ಸಿದ್ಧವಾಗಿದ್ದಿರಬೇಕು. ನನ್ನ ಎತ್ತಿದ ಕೈಯನ್ನು ನೋಡಿ ಅವನು ಬಾಯಿ ಮುಚ್ಚಿದ. ಆಮೇಲೆ ದ್ಯಾವಣ್ಣ ಚಪ್ಪಾಳೆ ತಟ್ಟಿ, "ಒಳ್ಳೆ ಕ್ಯಾಚು," ಎಂದ. ಉಳಿದವರೂ ತಟ್ಟಿದರು. ಈರಭದ್ರ ಖಾಲಿ ಅಂಗೈಗಳನ್ನು ಬಿಚ್ಚದೆ ಹಾಗೆಯೇ ಎದೆಗೆ ಒತ್ತಿಕೊಂಡು ಮನೆಗೆ ನಡೆದ.

ಆ ವಾರ ಊರಿನಲ್ಲಿ ಎಲ್ಲರೂ ಆ ಚೆಂಡನ್ನು ಅವನು ಹಿಡಿದನೆಂದೇ ಹೇಳಿದರು. ಅಂಗಡಿಯಲ್ಲಿ ಹೇಳಿದರು, ನಲ್ಲಿಯ ಬಳಿ ಹೇಳಿದರು. ನನ್ನ ಮನೆಗೆ ಹಾಲು ಹಾಕುವವಳು ಅವನು ಹಾರಿ ಹಿಡಿದನೆಂದು ನನಗೇ ವಿವರಿಸಿದಳು. ಹೇಳಿ ಹೇಳಿ ಜನರಿಗೆ ಅದು ಕಂಡಂತೆಯೇ ಆಯಿತೆಂದು ತೋರುತ್ತದೆ. ಆಟದ ಲೆಕ್ಕದಲ್ಲಿ ಶೇಷವಿಲ್ಲ ಎಂದು ನನಗೇ ಹೇಳಿಕೊಂಡೆ. ನೀರಿನ ಗೋಪುರ ನನ್ನ ಜಗಲಿಯಿಂದ ಕಾಣುತ್ತಿತ್ತು. ನಾನು ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡೆ. ಆದರೂ ಕತ್ತು ಆ ಕಡೆಗೇ ಹೊರಳುತ್ತಿತ್ತು.

ಒಂದು ಬೆಳಿಗ್ಗೆ ಸಾಕಮ್ಮ ನಮ್ಮ ಅಂಗಳಕ್ಕೆ ಬಂದಳು. ಯಾವ ಚೆಂಡೂ ಮೇಲಿರಲಿಲ್ಲ. ನನ್ನೊಡನೆ ನೇರವಾಗಿ ಮಾತಾಡಬಹುದಿತ್ತು. ಅವಳು ಬಾಗಿಲ ಮೂಲೆಯಲ್ಲಿ ಒರಗಿಸಿಟ್ಟಿದ್ದ ಛತ್ರಿಯ ಎದುರಿಗೆ ಹೋಗಿ ನಿಂತಳು.

"ಇವತ್ತು ತುದಿಗೆ ಹತ್ತಿದ್ದಾರೆ," ಎಂದಳು. "ನಾನು ಬುತ್ತಿ ಕೊಡಕ್ಕೆ ಹೋಗಿದ್ದೆ. ಕೆಳಗಿಂದ ನೋಡ್ದೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆವತ್ತು ಎತ್ತು ಅಂದೋಳು ನಾನೇ. ನನ್ನ ಬಾಯಿಗೆ ಹುಳ ಬೀಳ. ಎತ್ತಿದ ಕೈನ ಇಳಿಸಕ್ಕೆ ಆಗುತ್ತಾ ಅಂತ ಮೇಷ್ಟ್ರನ್ನ ಒಂದು ಸಲ ಕೇಳು, ಛತ್ರಿ. ಬೇಗ ಕೇಳು."

ನಾನು ಚಪ್ಪಲಿ ಮೆಟ್ಟಿಕೊಂಡು, ಛತ್ರಿ ತೆಗೆದುಕೊಂಡು ಹೊರಟೆ. ಈ ವಯಸ್ಸಿನಲ್ಲಿ ನಾನು ಓಡುವುದಿಲ್ಲ. ಆ ದಿನ ಎಷ್ಟು ದೂರ ಓಡಿದೆನೋ ತಿಳಿಯದು.

ಗೋಪುರದ ತುದಿಯಲ್ಲಿ ಸಾರ್ವೆಯ ಹಲಗೆಯ ಮೇಲೆ ಈರಭದ್ರ ನಿಂತಿದ್ದ. ನೆಲದಲ್ಲಿದ್ದವನು ಇಟ್ಟಿಗೆ ಎಸೆದು ಮುಗಿಸಿ ಬೀಡಿ ಹಚ್ಚಿದ್ದ. ಹಲಗೆಯಾಚೆ, ಬರಿಯ ಗಾಳಿಯಲ್ಲಿ, ಇಟ್ಟಿಗೆಗಳು ಸಾಲಾಗಿ ಕಾದು ನಿಂತಿದ್ದವು. ಸಾಧಾರಣ ಮನುಷ್ಯ ಕೈ ಚಾಚಿ ತೆಗೆದುಕೊಳ್ಳುವಷ್ಟು ದೂರ. ಈರಭದ್ರ ಕೈ ಚಾಚಿದ. ಬೆರಳುಗಳು ಇಟ್ಟಿಗೆಗೆ ಮೊದಲೇ ಮುಚ್ಚಿಕೊಂಡವು, ಏನೂ ಸಿಗಲಿಲ್ಲ. ಇನ್ನಷ್ಟು ಬಾಗಿದ. ಮತ್ತೆ ಮುಚ್ಚಿದ. ಮತ್ತೆ ಗಾಳಿ. ಆಮೇಲೆ ಹಲಗೆಯ ಅಂಚಿಗೆ ಕಾಲ್ಬೆರಳೂರಿ, ಅರ್ಧ ದೇಹವನ್ನು ಹೊರಗೆ ಚೆಲ್ಲಿ, ಕುರುಡನು ಗೋಡೆ ತಡಕುವಂತೆ ಆಕಾಶವನ್ನು ತಡಕಿದ. ಅಷ್ಟು ಎತ್ತರದಲ್ಲಿ ಇಟ್ಟಿಗೆಯ ನೆರಳು ಅವನಿಗೆ ನೆರವಾಗುವಂತಿರಲಿಲ್ಲ; ಅದು ಬಿದ್ದಿದ್ದುದು ಕೆಳಗೆ, ನನ್ನ ಕಾಲ ಬಳಿ.

ನನಗೆ ಕೂಗಬೇಕೆನಿಸಿತು. ಕೂಗಿದರೆ ಬೆಚ್ಚಿಯಾನು. ಬೆಚ್ಚಿದರೆ ಜಾರಿಯಾನು. ಜಾರಿದ್ದಕ್ಕೆ ನಮ್ಮ ಊರಿನಲ್ಲಿ ಬಿಡುವಿಲ್ಲ. ನಾನು ನಾಲಿಗೆ ಕಚ್ಚಿಕೊಂಡು ನಿಂತೆ. ಕೊನೆಗೆ ಇಟ್ಟಿಗೆ ಅವನ ಬೆರಳಿಗೆ ತಾಗಿತು. ಅವನು ಅದನ್ನು ಎಳೆದುಕೊಂಡು, ಗೋಡೆಗೆ ಬೆನ್ನು ಕೊಟ್ಟು, ಸ್ವಲ್ಪ ಹೊತ್ತು ಹಾಗೆಯೇ ಕುಳಿತ.

ದ್ಯಾವಣ್ಣ ಗಾರೆಯ ಗುಂಡಿಯ ಬಳಿ ಇದ್ದ. ನಾನು ಅವನ ಹತ್ತಿರ ಹೋಗಿ, "ದ್ಯಾವಣ್ಣ, ಅವನನ್ನು ಕೆಳಗಿಳಿಸು. ಮೆಲ್ಲಗೆ ಇಳಿಸು. ಆವತ್ತಿನ ಚೆಂಡು ಬಿತ್ತು," ಎಂದೆ.

ಕೆಲಸದವರ ಕೈಗಳು ನಿಂತವು. ದ್ಯಾವಣ್ಣ ನನ್ನ ಮುಖ ನೋಡಲಿಲ್ಲ. "ಯಾವ ಚೆಂಡು ಮೇಷ್ಟ್ರೇ? ಅದನ್ನ ಹಿಡಿದ್ನಲ್ಲ. ನೀವೇ ಕೈ ಎತ್ತಿದ್ರಿ. ಇಷ್ಟು ಜನ ನೋಡಿದ್ದೀವಿ."

"ಸಾಧಾರಣ ಮನುಷ್ಯ ಹಿಡಿಯುತ್ತಿದ್ದ. ನನ್ನ ತೀರ್ಪು ಅಷ್ಟೇ, ಅದು ಈಗಲೂ ಸರಿ. ಈರಭದ್ರ ಹಿಡಿಯಲಿಲ್ಲ. ಅವನಿಗೆ ಚೆಂಡು ಎಲ್ಲಿದೆಯೆಂದು ಕಾಣಲಿಲ್ಲ. ಅದು ನೆಲಕ್ಕೆ ಬಿದ್ದದ್ದನ್ನು ನಾನು ನೋಡಿದೆ. ನೀನೂ ನೋಡಿದೆ."

"ಹಿಂಗಂದ್ರೆ ಏನಾಗುತ್ತೆ ಅಂತ ಗೊತ್ತಲ್ಲ ಮೇಷ್ಟ್ರೇ ನಿಮ್ಗೆ?"

"ನಿಯಮವನ್ನು ನನಗೆ ಹೇಳಿಕೊಡಬೇಡ. ಮೊದಲು ಅವನನ್ನು ಇಳಿಸು."

ದ್ಯಾವಣ್ಣ ತಾನೇ ಏಣಿ ಹತ್ತಿದ. ಮೇಲೆ ಅವರಿಬ್ಬರು ಏನು ಮಾತಾಡಿದರೋ ಕೇಳಿಸಲಿಲ್ಲ. ಈರಭದ್ರ ಕಾಲಿನಿಂದ ಒಂದೊಂದು ಮೆಟ್ಟಿಲನ್ನೂ ಹುಡುಕಿಕೊಂಡು ಇಳಿದು ಬಂದ. ಕೈಯಲ್ಲಿ ಗಾರೆ ಮೆತ್ತುವ ಕರಣೆ ಹಾಗೆಯೇ ಇತ್ತು. ನನ್ನ ಎದುರು ನಿಂತಾಗ ಅವನ ಎಡಗಣ್ಣು ನನಗೆ ಹತ್ತಿರದಿಂದ ಕಂಡಿತು, ಸುಣ್ಣದ ತಿಳಿನೀರಿನ ಬಣ್ಣ.

"ಮೇಷ್ಟ್ರೇ," ಎಂದ. "ಹಿಡಿದೆ ಅಂದೋರೂ ನೀವೇ, ಬಿತ್ತು ಅನ್ನೋರೂ ನೀವೇ. ಒಂದನ್ನೇ ಹೇಳಿದ್ರೆ ಆಗಿತ್ತಲ್ಲ. ಆವತ್ತೇ ಕೈ ಎತ್ತದೇ ಇದ್ದಿದ್ರೆ ಒಂದು ಸಲ ಸಾಯ್ತಿದ್ದೆ. ಈಗ ಎರಡು ಸಲ. ನನ್ನ ಅನ್ನಕ್ಕೆ ಮಣ್ಣು ಹಾಕ್ಬಿಟ್ರಿ."

ನನ್ನ ಬಳಿ ಉತ್ತರವಿತ್ತು. ಆಟದ ನಿಯಮ ಬೇರೆ, ಗೋಪುರ ಬೇರೆ. ಅದನ್ನು ಹೇಳಲಿಲ್ಲ. ಅವನು ಕರಣೆಯನ್ನು ನೀರಿನ ತೊಟ್ಟಿಯಲ್ಲಿ ತೊಳೆದು, ಒರೆಸಿ, ದ್ಯಾವಣ್ಣನ ಕೈಗೆ ಕೊಟ್ಟು ಹೊರಟುಹೋದ. ನನ್ನ ಬೆನ್ನಿಗೇ ಬಂದಿದ್ದ ಸಾಕಮ್ಮ ಅವನ ಹಿಂದೆ ಹೋದಳು. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನ್ನನ್ನು ಕಳಿಸಿದವಳು ಅವಳೆಂದು ಅವನಿಗೆ ತಿಳಿಯುತ್ತಿತ್ತು.

ನಿಯಮದಂತೆ ನಾನು ಅಂಗಳದಲ್ಲಿ ಮತ್ತೆ ಕಾಲಿಡಲಿಲ್ಲ. ಹಾಸುಗಲ್ಲಿನ ಮೇಲೆ ಈಗ ಸಂಪಂಗಪ್ಪ ಕೂರುತ್ತಾನೆ. ಬಣ್ಣಬಣ್ಣದ ಹೊಸ ಛತ್ರಿ ಕೊಂಡಿದ್ದಾನೆ. ಮೊದಲ ಆಟದಲ್ಲಿ ಬೇಗ ಬೇಗ ಕೈ ಎತ್ತುತ್ತಿದ್ದನಂತೆ. ಎರಡನೆಯ ಆಟದ ನಂತರ ಒಂದು ಸಂಜೆ ನನ್ನ ಜಗಲಿಗೆ ಬಂದು, ತಮಾಷೆಯನ್ನೆಲ್ಲ ಹೋಟೆಲಿನಲ್ಲಿ ಬಿಟ್ಟು ಬಂದವನಂತೆ ಕೂತು, "ಮೇಷ್ಟ್ರೇ, ಸಾಧಾರಣ ಅಂದ್ರೆ ಎಷ್ಟು?" ಎಂದು ಕೇಳಿದ. ನಾನು ಸರಾಸರಿಯ ಮಾತು ಎತ್ತಲಿಲ್ಲ. ಅಡಿಯಲ್ಲಿ ನಿಂತವನ ಕಾಲನ್ನು ನೋಡು ಎಂದೆ. ಅದರಿಂದ ಅವನಿಗೆ ನಿದ್ದೆ ಕೆಟ್ಟಿತೆಂದು ಆಮೇಲೆ ಕೇಳಿದೆ.

ದ್ಯಾವಣ್ಣ ಈರಭದ್ರನಿಗೆ ಗಾರೆ ಹದಗೊಳಿಸುವ ಕೆಲಸ ಕೊಟ್ಟ. ನೆಲದ ಕೆಲಸ, ಕೂಲಿ ಕಡಿಮೆ. ಬಹಳ ದಿನ ಅವನು ಆ ಕೆಲಸಕ್ಕೆ ಹೋಗಲಿಲ್ಲ. ಹೋದಾಗ ಯಾರೊಡನೆಯೂ ಮಾತಾಡಲಿಲ್ಲ. ಗುಂಡಿಯಲ್ಲಿ ಕಾಲಿನಿಂದ ತುಳಿದು, ಬೆರಳಿನಿಂದ ಮುಟ್ಟಿ ಹದ ನೋಡುತ್ತಾನಂತೆ. ಕೆಲಸಕ್ಕೆ ಹೋಗುವ ದಾರಿ ನಮ್ಮ ಮನೆಯ ಮುಂದೆಯೇ ಇದೆ. ನಾನು ಜಗಲಿಯಲ್ಲಿರುವುದು ತಿಳಿದರೂ ತಲೆ ತಿರುಗಿಸದೆ ದಾಟುತ್ತಿದ್ದ. ಅವನ ಹೆಜ್ಜೆ ದೂರದಲ್ಲಿ ಕೇಳಿಸಿದೊಡನೆ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದೆ. ಅದು ದಾಟಿ ಹೋದ ಮೇಲೆಯೇ ಮುಂದುವರಿಸುತ್ತಿದ್ದೆ.

ಗೋಪುರದ ಕೆಲಸ ಮುಗಿಯುತ್ತಾ ಬಂದಿದ್ದ ಒಂದು ಬೆಳಿಗ್ಗೆ, ಹಿಂದಿನ ದಿನದ ತುಂತುರಿಗೆ ನೆನೆದಿದ್ದ ಛತ್ರಿಯನ್ನು ಬಿಚ್ಚಿ ಅಂಗಳದ ಮಣ್ಣಿಗೆ ಚುಚ್ಚಿ ಒಣಹಾಕಿದ್ದೆ. ನಾನು ಬಾಗಿಲ ಒಳಗಿದ್ದೆ. ಹೆಜ್ಜೆ ಬಂತು. ದಾಟಲಿಲ್ಲ. ಮೊಣಕಾಲವರೆಗೂ ಸುಣ್ಣದ ಕಲೆ ಹಿಡಿದಿದ್ದ ಈರಭದ್ರ ಛತ್ರಿಯ ಎದುರು ನಿಂತಿದ್ದ. ಮುಖ ಸರಿಯಾಗಿ ಅದರ ಕಡೆಗೇ ಇತ್ತು.

"ಛತ್ರಿ," ಎಂದ. ಗಾರೆಯ ಹದ ನೋಡುವಂತೆ ಬೆರಳಿನಿಂದ ಅದರ ಬಟ್ಟೆ ಮುಟ್ಟಿ ನೋಡಿದ. ಆಮೇಲೆ, "ತುದಿಗೆ ಹಾಕಿದ ಗಾರೆ ನಾನು ಕಲಸಿದ್ದು. ಬಿರುಕು ಬಿಟ್ಟಿಲ್ಲ. ನಿಮ್ಮ ಯಜಮಾನ್ರು ಬೇಕಾದ್ರೆ ಹೋಗಿ ನೋಡ್ಕೊಂಡು ಬರ್ಲಿ," ಎಂದ.

ಅವನು ಹೋದ. ನಾನು ಹೊರಗೆ ಬರಲಿಲ್ಲ. ಒಣಗಿದ ಮೇಲೂ ಛತ್ರಿಯನ್ನು ಮಡಿಸಲಿಲ್ಲ. ಮರುದಿನ ಅವನು ದಾಟುವ ಹೊತ್ತಿಗೂ ಅಲ್ಲೇ ಬಿಟ್ಟಿದ್ದೆ.